ತುಮಕೂರು ಸೀಮೆಯ ಪ್ರಾಕ್ತನಶೋಧನೆಯೂ ಅದರ ಪ್ರಥಮ ಪಾಠಗಳೂ

ಕನ್ನಡನಾಡು ಶಿಲಾಶಾಸನಗಳಿಗೆ ತವರೆಂಬ ಮಾತು ವಿದ್ವಜ್ಜನರಲ್ಲಿ ಬಹುಕಾಲದಿಂದ ಪ್ರಸಿದ್ಧವಾದುದು. ತುಮಕೂರು, ಗುಬ್ಬಿ, ಕುಣಿಗಲು ಈ ಮೂರು ತಾಲ್ಲೂಕುಗಳ ಮಟ್ಟಿಗೆ ಆ ಮಾತನ್ನು ಪರೀಕ್ಷಿಸಿ ನೋಡಲು ಗ್ರಂಥಗಳ ಸಹಾಯವೂ ಬೇಕಿಲ್ಲ. ಊರಬಾಗಿಲಲ್ಲಿ ಒಂದು ವೀರಗಲ್ಲು, ಕೆರೆಯ ಏರಿಯ ಮೇಲೆ ಒಂದು ದಾನಶಾಸನ, ಹೊಲದ ಬದುವಿನಲ್ಲಿ ಲಿಂಗಮುದ್ರೆಯುಳ್ಳ ಒಂದು ಎಲ್ಲೆಗಲ್ಲು, ಹುಣಸೆಯ ಮರದ ಬುಡದಲ್ಲಿ ಅರ್ಧ ಹೂತ ಒಂದು ಮಾಸ್ತಿಕಲ್ಲು, ಇವುಗಳಲ್ಲಿ ಯಾವುದಾದರೊಂದನ್ನು ಕಾಣದೆ ಹರಿದಾರಿ ದೂರ ನಡೆಯುವುದು ಈ ಸೀಮೆಯಲ್ಲಿ ಕಷ್ಟ. ಕಾಣುವವರು ಬಹುಮಂದಿ, ಓದುವವರು ವಿರಳ. ಓದುವವರಿಲ್ಲದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುವುದಕ್ಕೂ ಮೋರಿಯ ಮೇಲಣ ಚಪ್ಪಡಿಯಾಗುವುದಕ್ಕೂ ಹೆಚ್ಚು ಕಾಲ ಹಿಡಿಯುವುದಿಲ್ಲ.

ಹಾಗಾದರೆ ಈ ವಿದ್ಯೆಯನ್ನು ಸಾಮಾನ್ಯನು ಸಂಪಾದಿಸುವ ಬಗೆ ಹೇಗೆ? ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಓದದ ಒಬ್ಬ ಪಾಠಶಾಲೆಯ ವಟು, ಒಬ್ಬ ಗ್ರಾಮದ ಉಪಾಧ್ಯಾಯ, ಒಬ್ಬ ಒಕ್ಕಲಮಗ, ಇವರು ಕೆಲವೇ ದಿನಗಳಲ್ಲಿ ಕೈಯಾರೆ ಮಾಡಿ ಕಲಿಯಬಹುದಾದುದು ಎಷ್ಟು, ಕಲಿಯಲಾಗದುದು ಎಷ್ಟು? ಈ ಪ್ರಶ್ನೆಗೆ ಉತ್ತರವು ಮೈಸೂರು ಸೀಮೆಯ ಪ್ರಾಕ್ತನಶೋಧನೆಯ ಚರಿತ್ರೆಯಲ್ಲಿಯೇ ಅಡಗಿದೆ.

ಆ ಚರಿತ್ರೆಯ ಆದಿಯಲ್ಲಿ ನಿಲ್ಲುವವರು ಬಿ. ಎಲ್. ರೈಸ್ ಸಾಹೇಬರು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಇವರು ಪ್ರಾಕ್ತನಶಾಸ್ತ್ರವನ್ನು ಯಾವ ಗುರುವಿನ ಬಳಿಯಲ್ಲಿಯೂ ಕ್ರಮವಾಗಿ ಕಲಿತವರಲ್ಲ. ವಿದ್ಯಾ ಇಲಾಖೆಯ ಅಧಿಕಾರಿಗಳಾಗಿ ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಊರೂರು ತಿರುಗುತ್ತಿದ್ದಾಗ ಕಣ್ಣಿಗೆ ಬಿದ್ದ ಬರೆಹದ ಕಲ್ಲುಗಳೇ ಅವರಿಗೆ ಈ ಹವ್ಯಾಸವನ್ನು ಹಚ್ಚಿದುವು. 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥ ಹೊರಬಂದಿತು. ಆಮೇಲೆ ಪ್ರಾಕ್ತನಶೋಧನ ಇಲಾಖೆ ಏರ್ಪಟ್ಟು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಮಹಾಗ್ರಂಥಮಾಲೆಯ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಪ್ರಕಟವಾದುವು. ಅವುಗಳಲ್ಲಿ 12ನೆಯ ಸಂಪುಟ, 1904ರಲ್ಲಿ ಅಚ್ಚಾದುದು, ನಮ್ಮ ತುಮಕೂರು ಜಿಲ್ಲೆಯದು. ತಾಲ್ಲೂಕಿನ ಹೆಸರಿನ ಮುಂದೆ ಒಂದೊಂದು ಸಂಖ್ಯೆ, ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷಿನಲ್ಲಿ ಅನುವಾದ, ಇದು ಅದರ ಕ್ರಮ. ಇಷ್ಟು ಕೆಲಸ ಒಬ್ಬರ ಕೈಯಿಂದ ಆಗತಕ್ಕುದಲ್ಲ. ಊರೂರಿಗೆ ಹೋಗಿ ಕಲ್ಲು ತೊಳೆದು, ಬಿಸಿಲಲ್ಲಿ ಕುಳಿತು ಅಕ್ಷರಕ್ಕೆ ಅಕ್ಷರ ಇಳಿಸಿ ತಂದವರು ಹಳೆಯ ಪಾಠಶಾಲೆಗಳಲ್ಲಿ ಅಮರವನ್ನೂ ವ್ಯಾಕರಣವನ್ನೂ ಕಲಿತ ಪಂಡಿತರು. ಸಾಹೇಬರ ಹೆಸರು ಸಂಪುಟದ ಮೊದಲ ಪುಟದಲ್ಲಿದೆ. ಪಂಡಿತರ ಬೆವರು ಒಳಗಿನ ಪುಟಗಳಲ್ಲಿದೆ.

ತರುವಾಯ ಆ ಇಲಾಖೆಯನ್ನು ನಡೆಸಿದವರೂ ಇದೇ ಸಂಪ್ರದಾಯದವರು. ‘ಕರ್ಣಾಟಕ ಕವಿಚರಿತೆ’ಯನ್ನು ಬರೆದ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು 1922ರವರೆಗೆ ಅದರ ಮುಖ್ಯಾಧಿಕಾರಿಗಳಾಗಿದ್ದರು. ಅವರ ಬಳಿಕ ಬಂದವರು, ಮೈಸೂರಿನ ಓರಿಯೆಂಟಲ್ ಗ್ರಂಥಾಲಯದ ತಾಳೆಯೋಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು. ಆದುದರಿಂದ ಪಾಠಶಾಲೆಯ ವಿದ್ಯೆಗೂ ಪ್ರಾಕ್ತನವಿದ್ಯೆಗೂ ದೂರವೆಂದು ಹೇಳುವವರು ಈ ನಾಡಿನ ಚರಿತ್ರೆಯನ್ನು ಅರಿಯದವರು. 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಏರ್ಪಟ್ಟ ಕಾಲಕ್ಕೆ ಇತ್ತ ಈ ಇಲಾಖೆಯ ಪಂಡಿತರು ಕಲ್ಲುಗಳ ಮುಂದೆ ಕುಳಿತಿದ್ದರು. ಎರಡೂ ಒಂದೇ ವಿದ್ಯೆಯ ಎರಡು ಕವಲುಗಳು. ಪಾಠಶಾಲೆಯ ವಿದ್ಯಾರ್ಥಿಗೆ ಇರುವ ಕೊರತೆ ಕೈಯ ಅಭ್ಯಾಸವೊಂದೇ.

ಆ ಕೈಯ ಅಭ್ಯಾಸದಲ್ಲಿ ಮೊದಲನೆಯದು ಶಾಸನದ ಪಡಿಯಚ್ಚು ತೆಗೆಯುವುದು. ನೋಡಲು ಸುಲಭವಾದ ಕೆಲಸ. ಮಾಡಲು ಹೊರಟವನಿಗೆ ಅದರ ನಾಜೂಕು ತಿಳಿಯುತ್ತದೆ. ಕಲ್ಲನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಹಾವಸೆ ಹತ್ತಿದ್ದರೆ ನೀರಿನಲ್ಲಿ ನೆನೆಯಿಸಿ, ನಾರಿನ ಕುಂಚದಿಂದ ಮೆಲ್ಲನೆ ಉಜ್ಜಬೇಕಲ್ಲದೆ ಕಬ್ಬಿಣವನ್ನು ಸರ್ವಥಾ ಮುಟ್ಟಿಸಲಾಗದು. ಅನಂತರ ನೀರು ಹೀರುವ ಗಟ್ಟಿ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಕುಂಚದಿಂದ ಹೊಡೆಯುತ್ತ ಬಂದರೆ ಒಳಗಿನ ಗಾಳಿ ಹೊರಟುಹೋಗಿ ಕಾಗದವು ಅಕ್ಷರಗಳ ಕುಳಿಗೆ ಇಳಿದು ಕೂಡುತ್ತದೆ. ಕಾಗದ ಅರೆವಾಸಿ ಆರಿದ ಸಮಯವನ್ನು ನೋಡಿ, ಬಟ್ಟೆಯ ಉಂಡೆಗೆ ಮಸಿಯನ್ನು ಹಚ್ಚಿ, ಒರೆಸದೆ, ಹಗುರವಾಗಿ ತಟ್ಟುತ್ತ ಹೋಗಬೇಕು. ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿಯಾಗಿಯೂ ಎದ್ದು ಬರುತ್ತವೆ. ಆರುವುದಕ್ಕೆ ಮೊದಲೇ ಮಸಿ ತಟ್ಟಿದರೆ ಅದು ಹರಡಿ ಅಕ್ಷರವನ್ನು ನುಂಗುತ್ತದೆ. ಪೂರಾ ಒಣಗಿದ ಮೇಲೆ ತಟ್ಟಿದರೆ ಗಾಳಿಗೆ ಕಾಗದವೇ ಎದ್ದು ಹಾರುತ್ತದೆ. ಈ ಅರೆವಾಸಿಯ ಹದವನ್ನು ಯಾವ ಪುಸ್ತಕವೂ ಕಲಿಸಲಾರದು. ನಾಲ್ಕು ಕಾಗದ ಕೆಡಿಸಿದವನಿಗೆ ಐದನೆಯದರಲ್ಲಿ ಅದು ತಾನಾಗಿ ತಿಳಿಯುತ್ತದೆ. ತೆಗೆದ ಕಾಗದದ ಹಿಂಬದಿಯಲ್ಲಿ ಊರು, ಸ್ಥಳ, ದಿನ ಇವನ್ನು ಆ ಕ್ಷಣವೇ ಬರೆಯದಿದ್ದರೆ ಸಂಜೆಯ ಹೊತ್ತಿಗೆ ಯಾವುದು ಯಾವ ಕಲ್ಲಿನದೆಂಬುದೇ ಮರೆತುಹೋಗುತ್ತದೆ.

ಕಾಗದ ಮಸಿಗಳಿಲ್ಲದ ವೇಳೆಯಲ್ಲಿ ಸೂರ್ಯನೇ ಸಹಾಯಕ. ನಡುಹಗಲಲ್ಲಿ ಬರಿಯ ಬಂಡೆಯಾಗಿ ತೋರುವ ಕಲ್ಲಿನ ಮೇಲೆ ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲು ಬಿದ್ದಾಗ ಸಾಲುಗಳು ತಾವಾಗಿ ಮೂಡುತ್ತವೆ. ದೇಗುಲದ ಕತ್ತಲೆಯಲ್ಲಿರುವ ಶಾಸನಕ್ಕೆ ಪಕ್ಕದಲ್ಲಿ ಹಿಡಿದ ದೀಪವೂ ಅದೇ ಕೆಲಸವನ್ನು ಮಾಡುತ್ತದೆ. ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಬಣ್ಣ ತುಂಬುವುದು, ಇವೆಲ್ಲ ಭಕ್ತಿಯಿಂದಲೋ ಉತ್ಸಾಹದಿಂದಲೋ ನಡೆಯುವ ಹಾನಿಗಳು. ಇನ್ನು ಸವೆದ ಅಕ್ಷರವನ್ನು ಉಳಿಯಿಂದ ಹೊಸದಾಗಿ ಕೆತ್ತಿಸುವುದಂತೂ ಕಲ್ಲಿನ ಬಾಯಲ್ಲಿ ನಮ್ಮ ಮಾತನ್ನು ಹಾಕಿದಂತೆ.

ಇಲ್ಲಿ ಪಂಡಿತರಾದವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತುಂಟು. ತಾಳೆಯೋಲೆಯ ಗ್ರಂಥವನ್ನು ಓದುವಾಗ ಅಶುದ್ಧಪಾಠವನ್ನು ಶುದ್ಧಮಾಡುವುದು ಅವರಿಗೆ ಹುಟ್ಟುಗುಣವಾಗಿಬಿಟ್ಟಿರುತ್ತದೆ. ಕಲ್ಲಿನ ಮುಂದೆ ಆ ಗುಣ ದೋಷವಾಗುತ್ತದೆ. ಶಾಸನದಲ್ಲಿ ‘ಶ’ಕಾರಕ್ಕೆ ‘ಸ’ಕಾರವಿದ್ದರೆ, ದೀರ್ಘವಿರಬೇಕಾದಲ್ಲಿ ಹ್ರಸ್ವವಿದ್ದರೆ, ಇದ್ದುದನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಆ ತಪ್ಪೆಂಬುದು ಅಂದಿನ ಜನರ ನಾಲಗೆಯ ಗುರುತಾಗಿರಬಹುದು. ಕಾಣದ ಅಕ್ಷರವನ್ನು ಛಂದಸ್ಸಿನ ಬಲದಿಂದ ಊಹಿಸಿದರೂ ಅದನ್ನು ಊಹೆಯೆಂದು ಬೇರೆ ಗುರುತಿಸಿ ಬರೆಯಬೇಕು. ಇದೊಂದು ಸಂಯಮವನ್ನು ಕಲಿಸಲು ಒಮ್ಮೊಮ್ಮೆ ಅಕ್ಷರ ಕಲಿಸುವುದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ.

ಕಾಲಗಣನೆಯಲ್ಲಾದರೋ ಪಾಠಶಾಲೆಯವನೇ ಮುಂದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟರ ಪ್ರಭೂತವರ್ಷ ಮೂರನೆಯ ಗೋವಿಂದನು, ಗಂಗಮಂಡಲದ ಅಧಿಪತಿಯಾದ ಚಾಕಿರಾಜನ ಬಿನ್ನಹದಂತೆ, ಅರ್ಕಕೀರ್ತಿಯೆಂಬ ಜೈನಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ಕೊಟ್ಟ ವಿಚಾರ ಅದರಲ್ಲಿದೆ. ಕೊಟ್ಟ ಕಾರಣ ವಿನೋದವಾದುದು: ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹತ್ತಿದ್ದ ಶನಿಯ ಪೀಡೆಯನ್ನು ಆ ಮುನಿ ಪರಿಹರಿಸಿದನಂತೆ. ಈ ಕುನುಂಗಿಲೇ ನಮ್ಮ ಕುಣಿಗಲು. ಇಂದು ಒಂದು ತಾಲ್ಲೂಕಾಗಿರುವ ಊರು ಅಂದು ಒಂದು ‘ದೇಶ’ಕ್ಕೆ ಹೆಸರಾಗಿತ್ತೆಂಬ ಸಂಗತಿಯನ್ನು ಪಕ್ಕದ ತಾಲ್ಲೂಕಿನಲ್ಲಿ ಸಿಕ್ಕಿದ ತಾಮ್ರದ ತಗಡು ಹೇಳುತ್ತಿದೆ. ಶಾಸನದ ಕಾಲ ಶಕವರ್ಷ 735. ಅದಕ್ಕೆ 78ನ್ನು ಕೂಡಿಸಿದರೆ ಕ್ರಿ.ಶ. 813 ಆಗುತ್ತದೆ, ಆದರೆ ಆ 735ನ್ನು ಕಳೆದ ವರ್ಷವೆಂದೆಣಿಸದೆ ನಡೆಯುತ್ತಿರುವ ವರ್ಷವೆಂದೆಣಿಸಿದರೆ 812 ಬರುತ್ತದೆ. ಗ್ರಂಥಗಳಲ್ಲಿ ಎರಡೂ ಕಾಣುವುದಕ್ಕೆ ಇದೇ ಕಾರಣ. ಗತವರ್ಷ ವರ್ತಮಾನವರ್ಷಗಳ ಭೇದವನ್ನೂ, ಮಾಸ ತಿಥಿ ವಾರಗಳನ್ನು ಹೊಂದಿಸಿ ನೋಡುವ ಕ್ರಮವನ್ನೂ ಪಂಚಾಂಗ ಬಲ್ಲ ವಟುವಿಗೆ ಅರ್ಧ ದಿನದಲ್ಲಿ ಕಲಿಸಬಹುದು.

ತುಮಕೂರಿಗೆ ಎರಡು ಹರಿದಾರಿಯೊಳಗಿನ ಕೈದಾಳವನ್ನು ನೋಡಿದವರೆಲ್ಲರೂ ಜಕಣಾಚಾರಿಯ ಕಥೆಯನ್ನು ಕೇಳಿದವರೇ: ಶಿಲ್ಪಿಯ ಕೈ ಹೋಯಿತು, ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಬಂದಿತು, ಅದರಿಂದ ಕೈದಾಳವೆಂಬ ಹೆಸರಾಯಿತು. ಅಲ್ಲಿಯ 1150ರ ಸುಮಾರಿನ ಶಾಸನವಾದರೋ ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯನ್ನು ಕೊಂಡಾಡುತ್ತದೆ. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತವೆಂಬ ನಾಲ್ಕು ಸಮಯಗಳಿಗೂ ಅವನು ಆಧಾರವಾಗಿದ್ದನೆಂದು ಹೇಳುತ್ತದೆ. ಕಥೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಕಥೆಯು ಜನ ನೆನಪಿಟ್ಟುಕೊಂಡದ್ದು, ಶಾಸನವು ಅಂದಿನವರು ಬರೆಯಿಸಿದ್ದು. ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದುಕೊಳ್ಳುವುದನ್ನು ಕಲಿಯಬೇಕು. ಕಲ್ಯಾಣದಲ್ಲಿ ಶರಣರಿದ್ದ ಶತಮಾನದಲ್ಲಿಯೇ ತುಮಕೂರಿನ ಬಳಿಯ ಒಂದು ಚಿಕ್ಕ ಊರಿನಲ್ಲಿ ನಾಲ್ಕು ಸಮಯಗಳ ಹೆಸರು ಒಂದೇ ಕಲ್ಲಿನ ಮೇಲೆ ಕೂಡಿದ್ದುವೆಂಬುದು ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಇಷ್ಟು ಕಲ್ಲಿನ ಮಾತಾಯಿತು. ಮಣ್ಣನ್ನು ಓದುವುದು ಇದಕ್ಕಿಂತ ಕಷ್ಟ, ಈ ನಾಡಿಗೆ ಅದು ಬಂದುದೂ ತಡವಾಗಿ. ಶಾಮಶಾಸ್ತ್ರಿಗಳ ಬಳಿಕ ಇಲಾಖೆಗೆ ಬಂದ ಡಾಕ್ಟರ್ ಎಂ. ಎಚ್. ಕೃಷ್ಣರು 1929ರಲ್ಲಿ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಅಗೆತವನ್ನು ಆರಂಭಿಸಿದರು. 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರೂ ಅವರೇ. 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನಗಳನ್ನು ಕಂಡ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕೃಷ್ಣರು 1940ರಲ್ಲಿ ಅಗೆಯಿಸಿದರು. ಅದೇ ಬ್ರಹ್ಮಗಿರಿಗೆ 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಬಂದರು. ಇವರು 1944ರಿಂದ 1948ರವರೆಗೆ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದವರು. ಬಂದ ವರ್ಷವೇ ತಕ್ಷಶಿಲೆಯಲ್ಲಿ ಸುಮಾರು 60 ಮಂದಿ ವಿದ್ಯಾರ್ಥಿಗಳನ್ನು ದೇಶದ ನಾನಾ ಕಡೆಗಳಿಂದ ಕೂಡಿಸಿ, ಉಪನ್ಯಾಸಗಳ ಜೊತೆಗೆ ಅಗೆತದ ಗುಂಡಿಯೊಳಗೇ ಇಳಿಸಿ ಶಿಕ್ಷಣ ಕೊಟ್ಟರು. ಕೆಲವೇ ತಿಂಗಳ ಶಿಕ್ಷಣ ಅದು. ಮುಂದಿನ ಒಂದು ತಲೆಮಾರಿನ ಭಾರತೀಯ ಪುರಾತತ್ತ್ವಜ್ಞರಲ್ಲಿ ಬಹುಮಂದಿ ಆ ಗುಂಡಿಗಳಿಂದ ಎದ್ದುಬಂದವರು. 1945ರಲ್ಲಿ ಅರಿಕಮೇಡು, 1946ರಲ್ಲಿ ಹರಪ್ಪ, ಅನಂತರ ಮೈಸೂರು ಸಂಸ್ಥಾನದ ಇಲಾಖೆಯ ಸಹಕಾರದೊಡನೆ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ.

ವೀಲರರು ಕಲಿಸಿದುದು ಏನು? ಅದಕ್ಕೆ ಮೊದಲು ಎಷ್ಟೋ ಕಡೆ ನೆಲಮಟ್ಟದಿಂದ ಇಷ್ಟು ಅಡಿ ಆಳದಲ್ಲಿ ಸಿಕ್ಕಿತೆಂದು ವಸ್ತುಗಳ ಆಳವನ್ನು ಮಾತ್ರ ಬರೆದುಕೊಳ್ಳುತ್ತಿದ್ದರು. ಆಳವೇ ಕಾಲವೆಂದು ತಿಳಿದರೆ ಮೋಸಹೋಗುತ್ತೇವೆಂಬುದನ್ನು ನಮ್ಮ ಹಳ್ಳಿಯ ಹಗೇವಿನಿಂದ ತಿಳಿಯಬಹುದು. ಮುನ್ನೂರು ವರ್ಷದ ಹಿಂದಿನ ಒಂದು ಮನೆಯ ನೆಲ ಮೂರಡಿ ಕೆಳಗೆ ಹೂತಿದೆಯೆಂದು ಇಟ್ಟುಕೊಳ್ಳೋಣ. ಅಜ್ಜನ ಕಾಲದಲ್ಲಿ ರಾಗಿ ತುಂಬಲು ಅಲ್ಲಿಯೇ ಎಂಟಡಿಯ ಹಗೇವನ್ನು ತೋಡಿದರು. ಹಗೇವಿನ ತಳದಲ್ಲಿ ಅಜ್ಜನ ಕಾಲದ ಒಂದು ಮಡಕೆ ಒಡೆದು ಬಿದ್ದರೆ, ಅದು ಹಳೆಯ ನೆಲಕ್ಕಿಂತ ಐದಡಿ ಕೆಳಗಿದ್ದರೂ ಅದಕ್ಕಿಂತ ಹೊಸದೇ. ಆದುದರಿಂದ ಅಡಿಕೋಲಿಗಿಂತ ಮಣ್ಣಿನ ಪದರೇ ಮುಖ್ಯ. ನೆಲವನ್ನು ಚೌಕಗಳಾಗಿ ವಿಭಾಗಿಸಿ, ನಡುನಡುವೆ ಅಗೆಯದ ಗೋಡೆಗಳನ್ನು ಬಿಟ್ಟು, ಆ ಗೋಡೆಯ ಮೈಯಲ್ಲಿ ಪದರುಗಳ ಬಣ್ಣ, ಗಡಸು, ಬೂದಿ, ಜಲ್ಲಿ ಇವುಗಳ ಭೇದವನ್ನು ಕಂಡು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಒಂದೊಂದು ಪದರಿನ ಬೋಕಿಗಳನ್ನು ಬೇರೆ ಬೇರೆಯಾಗಿ ಇಡುವುದು, ಇಷ್ಟೇ ಆ ಪದ್ಧತಿ. ಬ್ರಹ್ಮಗಿರಿಯಲ್ಲಿ ಹೀಗೆ ಮೂರು ಸಂಸ್ಕೃತಿಗಳು ಒಂದರ ಮೇಲೊಂದಾಗಿ ತೋರಿದುವು: ಕೆಳಗೆ ನಯಮಾಡಿದ ಕಲ್ಲಿನ ಕೊಡಲಿಯವರು, ಅವರ ಮೇಲೆ ಕಬ್ಬಿಣ ಬಲ್ಲ, ದೊಡ್ಡ ಕಲ್ಲುಗಳ ಸಮಾಧಿಯವರು, ಎಲ್ಲಕ್ಕೂ ಮೇಲೆ ಸಾತವಾಹನ ಕಾಲದವರು. ಅರಿಕಮೇಡಿನಲ್ಲಿ ರೋಮಿನ ಸರಕಿನೊಡನೆ ಸಿಕ್ಕಿದ್ದ ಒಂದು ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಣ ಪದರಿನಲ್ಲಿಯೂ ಕಂಡುದರಿಂದ ಕಾಲನಿರ್ಣಯಕ್ಕೆ ಆಧಾರ ದೊರೆಯಿತು. ಕೊಡಲಿಯವರ ಕಾಲ ವೀಲರರು ಎಣಿಸಿದುದಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಿನದೆಂದು ಆಮೇಲೆ ಇಂಗಾಲದ ಪರೀಕ್ಷೆಗಳಿಂದ ಗೊತ್ತಾಯಿತು. ವರ್ಷ ತಪ್ಪಾದರೂ ಪದರುಗಳ ಕ್ರಮ ತಪ್ಪಾಗಲಿಲ್ಲ. ಏಕೆಂದರೆ ಅದನ್ನು ಬರೆದವರು ಕಂಡುದನ್ನೇ ಬರೆದಿದ್ದರು.

ನಮ್ಮ ಜಿಲ್ಲೆಯಲ್ಲಿಯೂ ಮಣ್ಣಿನ ಈ ಪುಸ್ತಕ ಬಹಳ ಹಿಂದಕ್ಕೆ ಹೋಗುತ್ತದೆ. ಗುಬ್ಬಿಯಿಂದ ತಿಪಟೂರಿಗೆ ಹೋಗುವ ದಾರಿಯ ಕಿಬ್ಬನಹಳ್ಳಿಯ ಸುತ್ತಿನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ದೊರೆತಿವೆ. ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರ್ ಎಂ. ಶೇಷಾದ್ರಿಯವರು ಅವನ್ನು ವಿವೇಚಿಸಿದ್ದಾರೆ. ಮಳೆಯಿಂದ ಕೊರೆದ ಹಳ್ಳದ ದಂಡೆಯಲ್ಲಿ, ಉತ್ತ ಹೊಲದ ಸಾಲಿನಲ್ಲಿ, ಇಂಥವು ಅಗೆಯದೆಯೇ ಕಾಣಸಿಗುತ್ತವೆ. ತಾನಾಗಿ ಒಡೆದ ಕಲ್ಲಿಗೂ ಮನುಷ್ಯನು ಚಕ್ಕೆ ಎಬ್ಬಿಸಿದ ಕಲ್ಲಿಗೂ ಇರುವ ಭೇದ, ಹತ್ತು ಕಲ್ಲು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವನಿಗೆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ನೂರು ಪುಟ ಓದಿದವನಿಗೆ ತಿಳಿಯದೆ ಹೋಗಬಹುದು.

ಇಂತಹ ಶಿಕ್ಷಣಗಳು ನಾಡಿನಲ್ಲಿ ಹೊಸವಲ್ಲ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿಗಳನ್ನು ನಡೆಸಿದೆ. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ಶಾಖೆಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಮೇಲೆ ದೇಶದ ಪಡಿಯಚ್ಚುಗಳ ದೊಡ್ಡ ಭಂಡಾರವೇ ಕನ್ನಡನಾಡಿನಲ್ಲಿ ನೆಲೆಸಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಯಂತ್ರದ ಬೆಳಕಿನಿಂದ ಶಾಸನಗಳ ಮೈಯನ್ನು ಅಳೆದು, ಸವೆದ ಅಕ್ಷರವೂ ತೋರುವಂತೆ ಮೂರು ಆಯಾಮದ ಪ್ರತಿಗಳನ್ನು ಮಾಡುತ್ತ ಬಂದಿದ್ದಾರೆ. ಯಂತ್ರ ಬಂದಿತೆಂದು ಕೈಕೆಲಸ ತಪ್ಪುವುದಿಲ್ಲ. ಕಲ್ಲು ಎಲ್ಲಿದೆಯೆಂದು ತೋರಿಸುವವನು ಊರಿನವನೇ ಆಗಬೇಕಲ್ಲವೆ?

ಆದರೆ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಕೆಲವು ದಿನಗಳ ಶಿಕ್ಷಣದಿಂದ ಅಗೆಯುವ ಅಧಿಕಾರ ಬರುವುದಿಲ್ಲ. ಬೋಕಿಗಳನ್ನು ತೊಳೆಯುವುದು, ಸಂಖ್ಯೆ ಬರೆಯುವುದು, ಮಣ್ಣನ್ನು ಜರಡಿ ಹಿಡಿಯುವುದು, ಕರಣೆಯಿಂದ ಗುಂಡಿಯ ಗೋಡೆಯನ್ನು ನೇರ ಕೆರೆಯುವುದು, ತೂಗುಗುಂಡು ಹಿಡಿದು ಅಳತೆಯ ನಕ್ಷೆ ಬರೆಯುವುದು, ಇವನ್ನು ಬಲ್ಲವರ ಕೈಕೆಳಗೆ ಮಾಡಬಹುದು. ಸಂರಕ್ಷಿತ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಗುದ್ದಲಿ ಹಾಕುವುದನ್ನು 1958ರ ಕೇಂದ್ರದ ಶಾಸನವೂ 1961ರ ನಮ್ಮ ರಾಜ್ಯದ ಶಾಸನವೂ ನಿಷೇಧಿಸಿವೆ. ಕಾನೂನಿನ ಮಾತು ಹಾಗಿರಲಿ. ಕಲ್ಲನ್ನು ಇನ್ನೊಮ್ಮೆ ಓದಬಹುದು, ಅಗೆದ ಮಣ್ಣನ್ನು ಇನ್ನೊಮ್ಮೆ ಓದಲಾಗದು. ಅದು ಓದುತ್ತ ಹೋದಂತೆ ಪುಟ ಸುಟ್ಟುಹೋಗುವ ಪುಸ್ತಕ. ನಿಧಿಯ ಆಸೆಯಿಂದ ಅಮಾವಾಸ್ಯೆಯ ರಾತ್ರಿ ಹಾಳುಗುಡಿಯ ಪೀಠವನ್ನು ಕಿತ್ತು ಲಿಂಗವನ್ನು ಉರುಳಿಸುವ ಕಳ್ಳರಿಗೂ, ಕುತೂಹಲದಿಂದ ಹಾಳೂರಿನ ದಿಬ್ಬವನ್ನು ಕೆದಕುವ ಸಜ್ಜನರಿಗೂ ಉದ್ದೇಶದಲ್ಲಿ ಭೇದವುಂಟು. ಹಾಳಾದ ಪದರಿಗೆ ಆ ಭೇದವಿಲ್ಲ.

ಮಠಗಳೂ ಈ ವಿಷಯದಲ್ಲಿ ಪೂರಾ ನಿರ್ದೋಷಿಗಳಲ್ಲ. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಹಳೆಯ ಗದ್ದುಗೆಯ ಸುತ್ತಿನ ಚಪ್ಪಡಿಗಳನ್ನು ಎತ್ತಿ ಹೊಸ ನೆಲ ಹಾಕಿಸುವಾಗ, ಅಡಿಮೈಯಲ್ಲಿ ಬರೆಹವುಂಟೋ ಎಂದು ತಿರುಗಿಸಿ ನೋಡುವವರು ಎಷ್ಟು ಮಂದಿ? ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯಲ್ಲಿರುವ ತೋಂಟದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತಾಗ ಮೈಮೇಲೆ ಹುತ್ತ ಬೆಳೆದುದನ್ನು ಕುಣಿಗಲು ಸೀಮೆಯ ಭಕ್ತರು ಇಂದಿಗೂ ಹೇಳುತ್ತಾರೆ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನು ಬರೆದ ಸೀಮೆಯಿದು. ಇಂತಹ ಮಹನೀಯರ ಕಾಲದ ಮಠದ ಮಾನ್ಯಗಳು, ಕೆರೆ ಬಾವಿಗಳು, ಎಲ್ಲೆಗಳು ಎಲ್ಲಿದ್ದುವೆಂಬುದಕ್ಕೆ ಹೊಲದ ಬದುವಿನ ಮುದ್ರೆಗಲ್ಲುಗಳೇ ಎಷ್ಟೋ ಕಡೆ ಉಳಿದಿರುವ ಸಾಕ್ಷಿಗಳು. ಅಂಥ ಕಲ್ಲನ್ನು ಅಂದಕ್ಕೆಂದು ಕಿತ್ತು ತಂದು ಮಠದ ಅಂಗಳದಲ್ಲಿ ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಎಲ್ಲೆ ಅಳಿಯುತ್ತದೆ.

ಹಾಗಾದರೆ ಹೊಸಬರು ಎಲ್ಲಿಂದ ಮೊದಲುಮಾಡಬೇಕು? ಗುದ್ದಲಿ ಬೇಡ, ಕರಣೆಯೂ ಬೇಡ. 1904ರ ಆ 12ನೆಯ ಸಂಪುಟವನ್ನು ತೆರೆದು, ತಮ್ಮ ತಮ್ಮ ಊರಿನ ಶಾಸನಗಳ ಸಂಖ್ಯೆಯನ್ನು ಗುರುತುಹಾಕಿಕೊಂಡು, ನಾಲ್ಕು ಮಂದಿ ಕೂಡಿ ಹೊರಡಬಹುದು. ಸಂಪುಟದಲ್ಲಿ ಕೆರೆಯ ಕೋಡಿಯ ಬಳಿ ಎಂದಿದ್ದರೆ ಕೋಡಿಗೆ ಹೋಗಬೇಕು. ಊರ ಮುಂದಣ ಗುಡಿಯ ಬಲಗಡೆ ಎಂದಿದ್ದರೆ ಬಲಗಡೆ ನೋಡಬೇಕು. ಕಲ್ಲಿದ್ದರೆ ಅದರ ಉದ್ದ ಅಗಲ, ಮುಖ ಯಾವ ದಿಕ್ಕಿಗೆ, ಈಗ ಎಷ್ಟು ಸಾಲು ಕಾಣುತ್ತದೆ, ಮೇಲೆ ಸೂರ್ಯಚಂದ್ರರೋ ಲಿಂಗವೋ ನಂದಿಯೋ ಎಂಬುದನ್ನು ಬರೆದುಕೊಂಡು, ಅಚ್ಚಿನ ಪಾಠದೊಡನೆ ಸಾಲುಸಾಲಾಗಿ ಹೋಲಿಸಬೇಕು. ಸಂಪುಟದಲ್ಲಿಲ್ಲದ ಹೊಸ ಕಲ್ಲು ಸಿಕ್ಕಿದರೆ ಮುಟ್ಟದೆ, ಚಿತ್ರ ತೆಗೆದು, ಸ್ಥಳ ಬರೆದು ಇಲಾಖೆಗೆ ತಿಳಿಸಬೇಕು. ಕಲ್ಲಿಲ್ಲದಿದ್ದರೆ ಅದನ್ನೂ ಬರೆಯಬೇಕು. ಊರಿನ ಹಿರಿಯರನ್ನು ಕೇಳಿ, ರಸ್ತೆ ಅಗಲ ಮಾಡುವಾಗ ಹೋಯಿತೋ, ತೂಬು ಕಟ್ಟುವಾಗ ಒಡೆಯಿತೋ, ಯಾರ ಮನೆಯ ಮೆಟ್ಟಿಲಾಗಿದೆಯೋ, ಅವರು ಹೇಳಿದಂತೆಯೇ ದಾಖಲಿಸಬೇಕು. ಪತ್ತೆಯಾಗದ ಕಲ್ಲಿಗೆ ನೂರಿಪ್ಪತ್ತು ವರ್ಷಗಳ ಹಿಂದೆ ಯಾರೋ ಹೆಸರು ತಿಳಿಯದ ಪಂಡಿತರು ಬಿಸಿಲಲ್ಲಿ ಕುಳಿತು ಇಳಿಸಿಕೊಂಡ ಪಾಠವೊಂದೇ ಇನ್ನು ಸಾಕ್ಷಿ. ಅಂದು ಅವರಿಗೆ ಕಾಣದೆ ಅವರು ಚುಕ್ಕಿಗಳನ್ನಿಟ್ಟು ಬಿಟ್ಟ ಅಕ್ಷರಗಳು ಚುಕ್ಕಿಗಳಾಗಿಯೇ ಉಳಿಯುತ್ತವೆ.